ಸತ್ತ ಐರನ್ ಮ್ಯಾನ್, ಮೂವರು ಸ್ಪೈಡರ್‌ಮ್ಯಾನ್ ಮತ್ತು ಚಿಗರಿ ಬಸ್ಸಿನ ಜಗಳ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೊರಟಿದ್ದೆ. ಉಣಕಲ್ ದಾಟುವಷ್ಟರಲ್ಲಿ ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗರ ಮಾತು ಜೋರಾಗಿತ್ತು. "ಅದು ಕ್ಯಾನನ್ ಅಲ್ಲಲೇ" ಅಂತ ಒಬ್ಬ. "ಮಲ್ಟಿವರ್ಸ್‌ನಾಗ ಎಲ್ಲಾ ಕ್ಯಾನನ್ನ" ಅಂತ ಇನ್ನೊಬ್ಬ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಏನಾತಪಾ? ಯಾರ್ ಸತ್ತಾರ?" ಎಂದು ಕೇಳಿದರು.

"ಐರನ್ ಮ್ಯಾನ್ ಸತ್ತಾನ್ರಿ ಕಾಕಾ. ಈಗ ತಿರುಗಿ ಬರಾಕತ್ತಾನ."

"ಸತ್ತಾಂವ ಹೆಂಗ ಬರ್ತಾನ?"

ಹುಡುಗರು ಉತ್ತರ ಶುರುಮಾಡಿದರು. ನವನಗರ ಬಂತು, ಉತ್ತರ ಮುಗಿಯಲಿಲ್ಲ. ಒಂದು ಪದ ಬಿಡಿಸೋಕೆ ಇನ್ನೊಂದು ಪದ ಬೇಕಾಯಿತು, ಅದನ್ನು ಬಿಡಿಸೋಕೆ ಮತ್ತೊಂದು. ಕಾಕಾ "ಇರಲಿ ಬಿಡ್ರಿ" ಎಂದು ಕಿಟಕಿ ಕಡೆ ತಿರುಗಿದರು.

ಅವರ ಪ್ರಶ್ನೆ ಮಾತ್ರ ಬಹಳ ಸರಿಯಾದ ಪ್ರಶ್ನೆ. ಈಗ ಊಟಕ್ಕೆ ಕೂತರೆ ಮನೆ ಮಕ್ಕಳ ಬಾಯಲ್ಲಿ ಇದೇ ಮಾತು. ಮೊಬೈಲಿನಲ್ಲಿ ಯಾರೋ ಒಬ್ಬ ಎರಡು ನಿಮಿಷದ ಟ್ರೇಲರ್ ಇಟ್ಟುಕೊಂಡು ನಲವತ್ತು ನಿಮಿಷ ಮಾತಾಡುತ್ತಾನೆ, ಮಕ್ಕಳು ಪೂರ್ತಿ ಕೇಳುತ್ತಾರೆ. ಅದರಲ್ಲಿ ಅಂಥದ್ದೇನಿದೆ? ಸಿನಿಮಾ ಒಂದೂ ನೋಡದವರಿಗೂ ತಿಳಿಯುವ ಹಾಗೆ ಬುಡದಿಂದ ನೋಡೋಣ. ಒಂದು ಎಚ್ಚರಿಕೆ: ಕೆಲವು ಕಥೆಗಳ ಕೊನೆ ಇಲ್ಲಿ ಬಯಲಾಗುತ್ತದೆ. ಅದಿಲ್ಲದೆ ಕಾಕಾನ ಪ್ರಶ್ನೆಗೆ ಉತ್ತರ ಹೇಳೋಕೆ ಆಗಲ್ಲ.

ಬಂದದ್ದು ನಟ, ಸತ್ತವನಲ್ಲ

ಐರನ್ ಮ್ಯಾನ್ ಅಂದರೆ ಟೋನಿ ಸ್ಟಾರ್ಕ್ ಎಂಬ ಶ್ರೀಮಂತ ಎಂಜಿನಿಯರ್. ತಾನೇ ಮಾಡಿಕೊಂಡ ಲೋಹದ ಕವಚ ತೊಟ್ಟು ಹಾರುತ್ತಾನೆ. 2008ರಲ್ಲಿ ಮೊದಲ ಸಿನಿಮಾ ಬಂತು. ನಟ ರಾಬರ್ಟ್ ಡೌನಿ ಜೂನಿಯರ್. 2019ರ 'ಅವೆಂಜರ್ಸ್: ಎಂಡ್‌ಗೇಮ್' ಸಿನಿಮಾದ ಕೊನೆಯಲ್ಲಿ ಟೋನಿ ಎಲ್ಲರನ್ನೂ ಉಳಿಸಿ ಸಾಯುತ್ತಾನೆ. ಥಿಯೇಟರಿನಲ್ಲಿ ಹುಡುಗರು ಗೊಳೋ ಎಂದು ಅತ್ತಿದ್ದರು.

2024ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಮಿಕ್-ಕಾನ್ ಮೇಳ ನಡೆಯಿತು. ವೇದಿಕೆ ಮೇಲೆ ಹಸಿರು ಮೇಲಂಗಿ ತೊಟ್ಟ ಒಬ್ಬ ಮುಖವಾಡ ತೆಗೆದ. ನೋಡಿದರೆ ಅದೇ ಡೌನಿ! ಆದರೆ ಈ ಸಲ ಅವನದು ಡಾಕ್ಟರ್ ಡೂಮ್ ಎಂಬ ಖಳನ ಪಾತ್ರ. ಡೂಮ್ ಹೊಸಬನೇನಲ್ಲ. 1962ರಲ್ಲೇ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಕಾಮಿಕ್ಸ್‌ನಲ್ಲಿ ಸೃಷ್ಟಿಸಿದ ಪಾತ್ರ ಅದು. ಲ್ಯಾಟ್ವೇರಿಯಾ ಎಂಬ ಕಲ್ಪನೆಯ ದೇಶದ ದೊರೆ. 'ಅವೆಂಜರ್ಸ್: ಡೂಮ್ಸ್‌ಡೇ' ಎಂಬ ಆ ಸಿನಿಮಾದ ಬಿಡುಗಡೆಗೆ 2026ರ ಡಿಸೆಂಬರ್ ಗೊತ್ತುಮಾಡಿದ್ದಾರೆ.

ಅಂದರೆ ಬಂದವನು ನಟ. ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಮೊದಲ ಅಂಕದಲ್ಲಿ ಸತ್ತ ಗೌಡನೇ ಮೂರನೇ ಅಂಕದಲ್ಲಿ ಮೀಸೆ ಬದಲಿಸಿ ಫೌಜದಾರನಾಗಿ ಬರುತ್ತಾನೆ. ಯಾರೂ ಗಾಬರಿಯಾಗುವುದಿಲ್ಲ. ಧಾರಾವಾಹಿಯಲ್ಲಿ ಇದರ ಉಲ್ಟಾ ನಡೆಯುತ್ತದೆ. ಪಾತ್ರ ಅದೇ, ಸೋಮವಾರದಿಂದ ಮುಖ ಬೇರೆ. ಒಂದು ವಾರ ಗೊಣಗುತ್ತೇವೆ, ಆಮೇಲೆ ಒಗ್ಗಿಹೋಗುತ್ತೇವೆ.

ಇಷ್ಟೇ ಆಗಿದ್ದರೆ ಕಾಕಾನಿಗೆ ಉಣಕಲ್‌ನಲ್ಲೇ ಉತ್ತರ ಸಿಗುತ್ತಿತ್ತು. ಆದರೆ ಈ ಸಿನಿಮಾಗಳ ಲೋಕದಲ್ಲಿ ಮುಖಕ್ಕೂ ಅರ್ಥವಿರಬಹುದು. ಅದೇ ಮುಖ ಮತ್ತೆ ಕಂಡರೆ ಅದು ಇನ್ನೊಂದು ಲೋಕದ ಅದೇ ಮನುಷ್ಯ ಇರಬಹುದು, ಸುಮ್ನೆ ಅದೇ ನಟನೂ ಇರಬಹುದು. ಹುಡುಗರ ಜಗಳ ಇರುವುದು ಇಲ್ಲಿ. ಇದು ತಿಳಿಯಬೇಕಾದರೆ ಎಲ್ಲ ಕಥೆಗಳೂ ಒಂದೇ ಊರಲ್ಲಿ ಹೇಗೆ ಸೇರಿದವು ಅಂತ ನೋಡಬೇಕು.

ಒಂದೇ ಊರಿನ ಕಥೆಗಳು

ಟಿವಿಯಲ್ಲಿ 'ಮಹಾಸಂಗಮ' ನೋಡಿದ್ದೀರಿ ಅಲ್ವಾ? ಏಳು ಗಂಟೆ ಧಾರಾವಾಹಿಯ ಸೊಸೆ ಏಳೂವರೆ ಧಾರಾವಾಹಿಯ ಮನೆಗೆ ಸೀಮಂತಕ್ಕೆ ಬರುತ್ತಾಳೆ. ಒಂದು ವಾರ ಎರಡೂ ಕಥೆ ಕೂಡಿ ನಡೆಯುತ್ತವೆ. ಈಗ ಊಹಿಸಿಕೊಳ್ಳಿ. ಆ ಸಂಗಮ ವಾರಕ್ಕೆ ಮುಗಿಯದೆ ಹತ್ತಾರು ವರ್ಷ ನಡೆದರೆ? ಒಂದರಲ್ಲಿ ಮುರಿದ ಸೇತುವೆ ಇನ್ನೊಂದರಲ್ಲೂ ಮುರಿದೇ ಇದ್ದರೆ? ಅದನ್ನೇ ಸಿನಿಮ್ಯಾಟಿಕ್ ಯೂನಿವರ್ಸ್ ಅನ್ನುತ್ತಾರೆ. ಕಥೆಗಳು ಹಲವು, ನಡೆಯುವ ಲೋಕ ಒಂದು.

ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿ ಇದನ್ನು 2008ರಲ್ಲಿ ಶುರುಮಾಡಿತು. ಮೊದಲ 'ಐರನ್ ಮ್ಯಾನ್' ಸಿನಿಮಾ ಮುಗಿದು, ಹೆಸರುಗಳ ಪಟ್ಟಿಯೂ ಓಡಿ ಮುಗಿದ ಮೇಲೆ ಒಂದು ಪುಟ್ಟ ದೃಶ್ಯ ಇತ್ತು. ನಿಕ್ ಫ್ಯೂರಿ ಎಂಬಾತ ಟೋನಿಯ ಮನೆಗೆ ಬಂದು, ಈ ಲೋಕದಲ್ಲಿ ನಿನ್ನಂಥವನು ನೀನೊಬ್ಬನೇ ಅಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಇದೇ ಪೋಸ್ಟ್-ಕ್ರೆಡಿಟ್ ದೃಶ್ಯ. ಅಂದಿನಿಂದ ಅಭಿಮಾನಿಗಳು ಸಿನಿಮಾ ಮುಗಿದರೂ ಏಳುವುದಿಲ್ಲ. ಕಸ ಗುಡಿಸುವವರು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ, ಇವರು ಕೂತೇ ಇರುತ್ತಾರೆ.

2012ರ 'ಅವೆಂಜರ್ಸ್' ಸಿನಿಮಾದಲ್ಲಿ ಆರು ಹೀರೋಗಳು ಒಟ್ಟಿಗೆ ಬಂದರು. 'ಎಂಡ್‌ಗೇಮ್' ಈ ಸಾಲಿನ 22ನೇ ಸಿನಿಮಾ. ತಮಿಳಿನಲ್ಲಿ ಲೋಕೇಶ್ ಕನಕರಾಜ್ 2019ರ 'ಕೈದಿ', 2022ರ 'ವಿಕ್ರಂ' ಸಿನಿಮಾಗಳನ್ನು ಹೀಗೇ ಜೋಡಿಸಿದರು. ಹಿಂದಿಯಲ್ಲೂ ಗೂಢಚಾರರ ಇಂಥದ್ದೊಂದು ಲೋಕವಿದೆ.

22 ಸಿನಿಮಾ ಒಂದೇ ಕಥೆಯಾದರೆ ನೆನಪಿಡುವುದೇ ಒಂದು ಕೆಲಸವಾಗುತ್ತದೆ. ಮೂರನೇ ಸಿನಿಮಾದಲ್ಲಿ ಮೇಜಿನ ಮೇಲಿದ್ದ ಪೆಟ್ಟಿಗೆ ಹದಿನೈದನೆಯದರಲ್ಲಿ ತೆರೆದುಕೊಳ್ಳಬಹುದು. ಅದನ್ನು ಗಮನಿಸಿ ಹೇಳುವವರಿಗೆ ಕೇಳುಗರು ಹುಟ್ಟಿಕೊಂಡರು. ನಲವತ್ತು ನಿಮಿಷ ಮಾತಾಡುವ ಆ ಮೊಬೈಲಿನ ಮನುಷ್ಯ ಮಾಡುವುದೂ ಇದನ್ನೇ. ಹಳೆಯದನ್ನು ನೆನಪಿಸಿ, ಮುಂದಿನದನ್ನು ಊಹಿಸುತ್ತಾನೆ. ಆ ಊಹೆಗೆ 'ಥಿಯರಿ' ಎಂದು ಹೆಸರು. ಮೂಲೆಯಲ್ಲಿ ಬೇಕಂತಲೇ ಅಡಗಿಸಿಟ್ಟ ಗುರುತಿಗೆ 'ಈಸ್ಟರ್ ಎಗ್' ಎಂದು ಹೆಸರು.

ಕ್ಯಾನನ್ ಅಂದರೆ ಉತಾರದಲ್ಲಿ ಹೆಸರು

ಈಗ ಬಸ್ಸಿನ ಮೊದಲ ಪದಕ್ಕೆ ಬರೋಣ. ಕ್ಯಾನನ್ ಅಂದರೆ ಕಥೆಯಲ್ಲಿ ಅಧಿಕೃತವಾಗಿ 'ನಡೆದದ್ದು' ಎಂದು ಒಪ್ಪಿಕೊಂಡ ಭಾಗ. ನಮ್ಮ ಕಡೆ ಹೊಲದ ಜಗಳ ಬಂದರೆ ಮೊದಲು ಕೇಳುವುದು ಏನು? ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ ಅಂತ. ಉತ್ತುವವನು ಯಾರೇ ಇರಲಿ, ಊರ ಮಂದಿ ಏನೇ ಹೇಳಲಿ, ಉತಾರ ಉತಾರವೇ. ಕ್ಯಾನನ್ ಎಂಬುದು ಕಥೆಯ ಉತಾರ.

ಈ ಪದ ಚರ್ಚಿನಿಂದ ಬಂದದ್ದು. ಯಾವ ಗ್ರಂಥಗಳು ಪವಿತ್ರ ಎಂದು ಚರ್ಚು ಒಪ್ಪಿತೋ ಅವು ಕ್ಯಾನನ್. ಕಥೆಗಳಿಗೆ ಇದನ್ನು ಅಂಟಿಸಿದ್ದು ಶೆರ್ಲಾಕ್ ಹೋಮ್ಸ್ ಅಭಿಮಾನಿಗಳು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬಾತ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥದ ಹಾಗೆ ಜರಡಿ ಹಿಡಿದು, ಅರ್ಧ ತಮಾಷೆಯಾಗಿ ಒಂದು ಉಪನ್ಯಾಸ ಕೊಟ್ಟ. ತಮಾಷೆ ಮರೆತುಹೋಯಿತು, ಪದ ಉಳಿಯಿತು. ಆರ್ಥರ್ ಕಾನನ್ ಡಾಯ್ಲ್ ಬರೆದ 56 ಸಣ್ಣಕಥೆ ಮತ್ತು 4 ಕಾದಂಬರಿ ಸೇರಿದರೆ 60. ಅಷ್ಟೇ ಹೋಮ್ಸ್ ಕ್ಯಾನನ್. ಬೇರೆಯವರು ಬರೆದದ್ದು ಎಷ್ಟೇ ಚೆನ್ನಾಗಿದ್ದರೂ ಹೊರಗೆ.

ಸತ್ತವನು ತಿರುಗಿ ಬರುವ ಚಾಳಿಯೂ ಹೋಮ್ಸ್‌ನಷ್ಟು ಹಳೆಯದು. 1893ರಲ್ಲಿ ಡಾಯ್ಲ್‌ಗೆ ಹೋಮ್ಸ್ ಸಾಕಾಗಿ ಹೋಗಿದ್ದ. ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಅವನನ್ನು ಕೆಡವಿ ಸಾಯಿಸಿದ. ಓದುಗರು ಸಿಟ್ಟಾದರು, ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷದ ಮೇಲೆ, 1903ರಲ್ಲಿ, ಹೋಮ್ಸ್ ಬಾಗಿಲು ತಟ್ಟಿದ. ನಾನು ಬಿದ್ದೇ ಇರಲಿಲ್ಲ, ಅವಿತುಕೊಂಡಿದ್ದೆ ಅಂದ. ಹೀಗೆ ಹಿಂದೆ ನಡೆದದ್ದನ್ನು ಈಗ ಬಂದು ತಿದ್ದುವುದಕ್ಕೆ 'ರೆಟ್‌ಕಾನ್' ಎನ್ನುತ್ತಾರೆ. ಪದ ಹುಟ್ಟಿದ್ದು 1980ರ ದಶಕದ ಕಾಮಿಕ್ಸ್ ಓದುಗರ ನಡುವೆ, ಕೆಲಸ ಮಾತ್ರ ಅದಕ್ಕಿಂತ ಬಹಳ ಮುಂಚಿನದು. ಇದರ ಪಕ್ಕದ ಪದ 'ರೀಬೂಟ್'. ಹಳೆಯದನ್ನು ತಿದ್ದುವ ಗೋಜೇ ಬೇಡ, ಒಂದನೇ ಪುಟದಿಂದ ಹೊಸದಾಗಿ ಹೇಳೋಣ ಎನ್ನುವುದು. 2025ರ ಸೂಪರ್‌ಮ್ಯಾನ್ ಸಿನಿಮಾ ಹಾಗೆ ಬಂದದ್ದು.

ಉತಾರದಿಂದ ಹೆಸರು ಕಡಿದುಹಾಕಿದರೆ ಎಷ್ಟು ನೋವಾಗುತ್ತದೆ ಎನ್ನುವುದಕ್ಕೆ 'ಸ್ಟಾರ್ ವಾರ್ಸ್' ನೋಡಿ. ಮೊದಲ ಸಿನಿಮಾ 1977ರದು. ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅದರ ಮೇಲೆ ರಾಶಿ ರಾಶಿ ಕಾದಂಬರಿ, ಕಾಮಿಕ್ಸ್ ಬಂದವು. ಅಭಿಮಾನಿಗಳು ದುಡ್ಡು ಕೊಟ್ಟು ಓದಿದರು, ಪಾತ್ರಗಳ ಮದುವೆ, ಮಕ್ಕಳು, ಸಾವು ಎಲ್ಲ ನೆನಪಿಟ್ಟುಕೊಂಡರು. 2012ರಲ್ಲಿ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರ್ ಕೊಟ್ಟು 'ಸ್ಟಾರ್ ವಾರ್ಸ್' ಮಾಲೀಕ ಕಂಪನಿ ಲ್ಯೂಕಾಸ್‌ಫಿಲ್ಮ್ ಕೊಂಡಿತು. 2014ರ ಏಪ್ರಿಲ್‌ನಲ್ಲಿ ಪ್ರಕಟಣೆ ಬಂತು: ಆ ಕಾದಂಬರಿಗಳೆಲ್ಲ ಇನ್ನು ಮುಂದೆ 'ದಂತಕಥೆ'ಗಳು, ಕ್ಯಾನನ್ ಅಲ್ಲ. ಹೊಸ ಸಿನಿಮಾ ತೆಗೆಯಲು ಕೈ ಖಾಲಿ ಇರಬೇಕಿತ್ತು ಅವರಿಗೆ. ಓದಿದವರಿಗೆ ಮಾತ್ರ, ನೀನು ಆಡಿ ಬೆಳೆದ ಮನೆ ನಿನ್ನದಲ್ಲ ಅಂದ ಹಾಗಾಯಿತು.

ಕಡಿದ ಹೆಸರು ತಿರುಗಿ ಸೇರುವುದೂ ಉಂಟು. 1991ರ ಕಾದಂಬರಿಯೊಂದರಲ್ಲಿ ಹುಟ್ಟಿದ ಥ್ರಾನ್ ಎಂಬ ನೀಲಿ ಬಣ್ಣದ ಸೇನಾಪತಿ 2014ರಲ್ಲಿ ಹೊರಬಿದ್ದಿದ್ದ. 2016ರಲ್ಲಿ ಒಂದು ಕಾರ್ಟೂನ್ ಸರಣಿಯ ಮೂಲಕ ಅಧಿಕೃತವಾಗಿ ಒಳಗೆ ಬಂದ.

ಸ್ಪೈಡರ್‌ಮ್ಯಾನ್ ಹೊಲ ಲಾವಣಿಗೆ ಹೋದ ಕಥೆ

ನನ್ನನ್ನು ಕೇಳಿದರೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಕಥೆ ಯಾಕೆ ಹೀಗೆ ತಿರುಗಿತು ಎಂದು ಹುಡುಗರು ತಲೆ ಕೆಡಿಸಿಕೊಂಡಿರುತ್ತಾರೆ. ಉತ್ತರ ಎಷ್ಟೋ ಸಲ ಕಥೆಯೊಳಗೆ ಇರುವುದೇ ಇಲ್ಲ, ಕರಾರುಪತ್ರದಲ್ಲಿ ಇರುತ್ತದೆ.

ಸ್ಪೈಡರ್‌ಮ್ಯಾನ್ 1962ರಲ್ಲಿ ಹುಟ್ಟಿದ ಮಾರ್ವೆಲ್ ಪಾತ್ರ. ಜೇಡ ಕಚ್ಚಿ ಶಕ್ತಿ ಬಂದ, ಚಿಕ್ಕಪ್ಪನನ್ನು ಕಳೆದುಕೊಂಡ ಪೀಟರ್ ಪಾರ್ಕರ್ ಎಂಬ ಹುಡುಗ ಅವನು. 1996ರ ಕೊನೆಯಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಕಷ್ಟ ಬಂದ ಕುಟುಂಬ ಏನು ಮಾಡುತ್ತದೆ? ಒಂದೊಂದೇ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತದೆ. ಮಾರ್ವೆಲ್ ಕೂಡ ತನ್ನ ಪಾತ್ರಗಳ ಸಿನಿಮಾ ಹಕ್ಕನ್ನು ಆ ಕಾಲದಲ್ಲಿ ಹಾಗೇ ಹಂಚಿತು. ಎಕ್ಸ್-ಮೆನ್ ಎಂಬ ಗುಂಪು ದಿವಾಳಿಗೂ ಮುಂಚೆಯೇ ಫಾಕ್ಸ್ ಕಂಪನಿಗೆ ಹೋಗಿತ್ತು. ಸ್ಪೈಡರ್‌ಮ್ಯಾನ್ 1999ರಲ್ಲಿ ಸೋನಿಗೆ ಹೋದ. ಒಳ್ಳೆಯ ಎರೆ ಹೊಲಗಳೆಲ್ಲ ಹೋದವು ಅನ್ನಿ. ಮುಂದೆ ಮಾರ್ವೆಲ್ ತಾನೇ ಸಿನಿಮಾ ತೆಗೆಯಲು ಕೂತಾಗ ಐರನ್ ಮ್ಯಾನ್‌ನಿಂದ ಶುರುಮಾಡಿತು. ಆಗ ಅವನು ಸ್ಪೈಡರ್‌ಮ್ಯಾನ್‌ನಷ್ಟು ದೊಡ್ಡ ಹೆಸರಲ್ಲ. ಮಡ್ಡಿ ಹೊಲದಲ್ಲಿ ಬಂಗಾರದ ಬೆಳೆ ಬಂತು.

ಲಾವಣಿಗೆ ಒಂದು ಷರತ್ತು ಇತ್ತು. ಇಂತಿಷ್ಟು ವರ್ಷದೊಳಗೆ ಹೊಸ ಸಿನಿಮಾ ಮಾಡದಿದ್ದರೆ ಹಕ್ಕು ವಾಪಸ್. ಬಿತ್ತದೆ ಬೀಳು ಬಿಟ್ಟರೆ ಹೊಲ ಬಿಡಬೇಕು. ಹೀಗಾಗಿ ಸೋನಿ ಸುಮ್ಮನೆ ಕೂರುವ ಹಾಗಿಲ್ಲ. ಟೋಬಿ ಮ್ಯಾಗ್ವೈರ್ ನಟಿಸಿದ ಮೂರು ಸಿನಿಮಾ 2002ರಿಂದ 2007ರವರೆಗೆ ಬಂದವು. ನಾಲ್ಕನೆಯದು ಕೂಡಿಬರಲಿಲ್ಲ. ಹೊಸ ಮುಖ ಹಾಕಿ ಮೊದಲಿನಿಂದ ಶುರುಮಾಡಿದರು. ಅವನೇ ಆಂಡ್ರ್ಯೂ ಗಾರ್ಫೀಲ್ಡ್. 2012 ಮತ್ತು 2014ರಲ್ಲಿ ಎರಡು ಸಿನಿಮಾ. ಚಿಕ್ಕಪ್ಪ ಮತ್ತೆ ಸತ್ತ, ಜೇಡ ಮತ್ತೆ ಕಚ್ಚಿತು. "ಅದನ್ನ ಎಷ್ಟ್ ಸರ್ತಿ ತೋರಸ್ತಾರ" ಅಂತ ಜನ ಕೇಳಿದರು.

2015ರಲ್ಲಿ ಸೋನಿ ಮತ್ತು ಮಾರ್ವೆಲ್ ಕೂತು ಮಾತಾಡಿ ಪಾಲು ಬೇಸಾಯಕ್ಕೆ ಒಪ್ಪಿದವು. ಹೊಲ ಸೋನಿಯ ಕೈಯಲ್ಲೇ ಇರಲಿ, ಆದರೆ ಸ್ಪೈಡರ್‌ಮ್ಯಾನ್ ಐರನ್ ಮ್ಯಾನ್‌ನ ಊರಿಗೂ ಬಂದುಹೋಗಲಿ ಅಂತ. 2016ರಲ್ಲಿ ಮೂರನೇ ಮುಖ ಬಂತು, ಟಾಮ್ ಹಾಲೆಂಡ್. ಈ ಸಲ ಜೇಡ ಕಚ್ಚುವುದನ್ನು ತೋರಿಸುವ ಗೋಜಿಗೇ ಹೋಗಲಿಲ್ಲ. ಪುಣ್ಯ.

2021ರ ಡಿಸೆಂಬರ್‌ನಲ್ಲಿ 'ಸ್ಪೈಡರ್‌ಮ್ಯಾನ್: ನೋ ವೇ ಹೋಮ್' ಬಂತು. ಲೋಕಗಳ ನಡುವಿನ ಗೋಡೆ ಒಡೆದು ಮೂವರೂ ಒಂದೇ ತೆರೆಯ ಮೇಲೆ ನಿಂತರು. ಥಿಯೇಟರ್ ಶಿಳ್ಳೆಯಲ್ಲಿ ಮುಳುಗಿತು. ಕಥೆಯ ಪ್ರಕಾರ ಅವರು ಮೂರು ಬೇರೆ ಲೋಕದವರು. ಕಾಗದದ ಪ್ರಕಾರ ನೋಡಿದರೆ ಲಾವಣಿ ಉಳಿಸಿಕೊಳ್ಳಲು ಒಂದಾದ ಮೇಲೊಂದು ಬಿತ್ತಿದ ಮೂರು ಬೆಳೆ. ಇಪ್ಪತ್ತು ವರ್ಷದ ವ್ಯವಹಾರದ ಗೋಜಲನ್ನೇ ಕಥೆಯ ಜೀವಾಳ ಮಾಡಿಕೊಂಡರಲ್ಲ, ಆ ಜಾಣತನ ಮೆಚ್ಚಬೇಕು.

ಫ್ಯಾಂಟಸಿ ಕಥೆಗಳಲ್ಲೂ ಇದೇ ಹಾಡು. ಟಾಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ಲೋಕದ ಮೇಲೆ ಅಮೆಜಾನ್ 2022ರಲ್ಲಿ ಸರಣಿ ತಂದಿತು. ಅದರ ಕಥೆ ನಡೆಯುವ ಪ್ರಾಚೀನ ಕಾಲದ ವಿವರ ಜಾಸ್ತಿ ಇರುವುದು ಬೇರೆ ಪುಸ್ತಕಗಳಲ್ಲಿ. ಅವುಗಳ ಹಕ್ಕು ಅಮೆಜಾನ್ ಕೈಯಲ್ಲಿ ಇರಲಿಲ್ಲ. ಮೂಲ ಕಾದಂಬರಿಯ ಕೊನೆಯಲ್ಲಿದ್ದ ಅನುಬಂಧದ ಪುಟಗಳನ್ನೇ ಹಿಂಜಿ ಕಥೆ ಕಟ್ಟಬೇಕಾಯಿತು. ಪುಸ್ತಕದಲ್ಲಿ ಸಾವಿರಾರು ವರ್ಷ ಹಿಡಿಯುವ ಘಟನೆಗಳು ಸರಣಿಯಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. ಟಾಲ್ಕಿನ್ ಓದಿದವರು ಕಿಡಿಕಾರಿದರು.

ಮಲ್ಟಿವರ್ಸ್: ಪಂಪನ ಅರ್ಜುನ, ಕುಮಾರವ್ಯಾಸನ ಕೃಷ್ಣ

ಮಲ್ಟಿವರ್ಸ್ ಅಂದರೆ ಹಲವು ಲೋಕಗಳು ಅಕ್ಕಪಕ್ಕ ಇವೆ ಎಂಬ ಕಲ್ಪನೆ. ಎಲ್ಲ ಲೋಕದಲ್ಲೂ ನೀವು ಇದ್ದೀರಿ, ಸ್ವಲ್ಪ ಬೇರೆ ಬೇರೆಯಾಗಿ. ಒಂದರಲ್ಲಿ ಮೇಷ್ಟ್ರು, ಇನ್ನೊಂದರಲ್ಲಿ ಮಿರ್ಚಿ ಅಂಗಡಿ ಮಾಲೀಕ. ಆ ಇನ್ನೊಬ್ಬ 'ನೀವು' ನಿಮ್ಮ 'ವೇರಿಯಂಟ್'.

ಸೂಪರ್‌ಹೀರೋ ಕಥೆಗಳಲ್ಲಿ ಇದು ಗಟ್ಟಿಯಾಗಿ ಬೇರುಬಿಟ್ಟದ್ದು 1961ರಲ್ಲಿ. ಡಿಸಿ ಎಂಬ ಇನ್ನೊಂದು ಕಾಮಿಕ್ಸ್ ಕಂಪನಿಗೆ ಫ್ಲ್ಯಾಶ್ ಎಂಬ ವೇಗದ ಹೀರೋ ಇದ್ದ. 1940ರ ಫ್ಲ್ಯಾಶ್ ಒಬ್ಬ, 1956ರಲ್ಲಿ ಹೊಸದಾಗಿ ಮಾಡಿದ ಫ್ಲ್ಯಾಶ್ ಇನ್ನೊಬ್ಬ. ಹೊಸಬ ಹಳಬನನ್ನು ಬರೀ ಕಾಮಿಕ್ಸ್ ಪಾತ್ರ ಎಂದುಕೊಂಡು ಓದುತ್ತಿದ್ದ. 1961ರ ಕಥೆಯಲ್ಲಿ ಹೊಸಬ ಇನ್ನೊಂದು ಭೂಮಿಗೆ ಹೋಗುತ್ತಾನೆ, ಹಳಬ ಅಲ್ಲಿ ನಿಜವಾಗಿ ಬದುಕಿದ್ದಾನೆ! ಹಳೆಯ ಓದುಗರೂ ಖುಷಿ, ಹೊಸಬರೂ ಖುಷಿ. ಆದರೆ ಭೂಮಿಗಳ ಸಂಖ್ಯೆ ಏರುತ್ತಾ ಹೋಗಿ ಲೆಕ್ಕವೇ ತಪ್ಪಿತು. 1985ರಲ್ಲಿ 12 ಸಂಚಿಕೆಗಳ ದೊಡ್ಡ ಕಥೆ ಶುರುಮಾಡಿ ಎಲ್ಲ ಭೂಮಿಗಳನ್ನೂ ಒಂದರಲ್ಲಿ ಕೂಡಿಸಿದರು. ಮನೆಯ ಅಟ್ಟ ಗುಡಿಸಿದ ಹಾಗೆ. ಅಟ್ಟ ಮತ್ತೆ ತುಂಬಿತು ಎಂದು ಬೇರೆ ಹೇಳಬೇಕಿಲ್ಲ.

2023ರ ಕಾರ್ಟೂನ್ ಸಿನಿಮಾ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಕನ್ನಡಕ್ಕೂ ಡಬ್ ಆಗಿ ಬಂತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಇದ್ದಾನೆ. ಮುಂಬೈ ಮತ್ತು ಮ್ಯಾನ್‌ಹಟನ್ ಕೂಡಿಸಿದಂಥ ಊರು ಅವನದು. ಪೀಟರ್ ಪಾರ್ಕರ್ ಎಂಬ ಹೆಸರನ್ನೇ ತಿರುಗಿಸಿದ್ದಾರೆ, ಗಮನಿಸಿ.

ಇದೆಲ್ಲ ವಿಚಿತ್ರ ಅನ್ನಿಸಿದರೆ ಹುಬ್ಬಳ್ಳಿಯಿಂದ ಗದಗ ರೈಲು ಹತ್ತಿ. ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ. ಪಂಪನ ತಾಯಿಯ ಕಡೆಯ ಊರು ಅದು. ಪಂಪ 941ರಲ್ಲಿ ಮಹಾಭಾರತದ ಕಥೆ ಬರೆದ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಎಂದು ಭಾವಿಸಿ ಬರೆದ. ಹಾಗಾಗಿ ಅವನ ಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟ ಏರುವವನೂ ಧರ್ಮರಾಯನಲ್ಲ, ಅರ್ಜುನ. ಇದಕ್ಕಿಂತ ದೊಡ್ಡ ರೆಟ್‌ಕಾನ್ ಬೇಕಾ?

ಮುಂದೆ ಗದಗ. ಹುಬ್ಬಳ್ಳಿ ಪಕ್ಕದ ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಅಲ್ಲಿನ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕೂತು ಭಾರತ ಬರೆದ ಎಂಬ ಪ್ರತೀತಿ. ಅವನು ಹೇಳಿದ್ದು ಮೊದಲ ಹತ್ತು ಪರ್ವ ಮಾತ್ರ. ಅವನ ಕಥೆಯ ಕೇಂದ್ರ ಅರ್ಜುನನಲ್ಲ, ಕೃಷ್ಣ. ಅದೇ ಪಾತ್ರಗಳು, ಅದೇ ಯುದ್ಧ, ಲೋಕ ಮಾತ್ರ ಬೇರೆ. ರೀಬೂಟ್ ಜಾಸ್ತಿಯಾಯಿತು ಎಂಬ ದೂರನ್ನೂ ಅವನು ಆಗಲೇ ಹೇಳಿಬಿಟ್ಟಿದ್ದಾನೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನಂತೆ, ಆ ಕಥೆಯಲ್ಲಿ ಕಾಲಿಡಲೂ ಜಾಗವಿಲ್ಲವಂತೆ!

ಹಾಗಾದರೆ ಗದಗಿನಲ್ಲಿ ಜಗಳ ಯಾಕಿಲ್ಲ?

ಪಂಪನ ಭಾರತ ಸರಿಯೋ, ಕುಮಾರವ್ಯಾಸನದು ಸರಿಯೋ ಎಂದು ಗಮಕ ಕೇಳಲು ಬಂದವರು ಅಂಗಿ ಹರಿದುಕೊಳ್ಳುವುದಿಲ್ಲ. ಬಸ್ಸಿನ ಹುಡುಗರು ಹರಿದುಕೊಳ್ಳುವ ಹಂತಕ್ಕೆ ಬಂದಿದ್ದರು. ಏನು ವ್ಯತ್ಯಾಸ?

ಅರ್ಜುನನಿಗೆ ಮಾಲೀಕರಿಲ್ಲ. ಯಾರು ಬೇಕಾದರೂ ಹೇಳಬಹುದು. ಕೇಳುವವರಿಗೆ ರುಚಿಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಇದು ಊರ ಗೋಮಾಳ ಇದ್ದ ಹಾಗೆ. ಸ್ಪೈಡರ್‌ಮ್ಯಾನ್‌ಗೆ ಮಾಲೀಕರಿದ್ದಾರೆ, ಬೇಲಿಯಿದೆ. ಒಳಗೆ ಏನು ನಡೆಯಿತು ಎಂದು ಹೇಳುವ ಹಕ್ಕು ಅವರದು ಮಾತ್ರ. ಅವರು ಒಂದು ಕಥೆಯನ್ನು ಇದು ಲೆಕ್ಕಕ್ಕಿಲ್ಲ ಎಂದರೆ ಅದು ಹೊರಗೆ. ಎದುರು ಕಥೆ ಕಟ್ಟಿ ಬಿಡುಗಡೆ ಮಾಡೋಣ ಎಂದರೆ ಕಾನೂನು ಬಿಡುವುದಿಲ್ಲ. ಆಗ ಅಭಿಮಾನಿಗೆ ಉಳಿಯುವುದು ಒಂದೇ, ಮಾತು. ಥಿಯರಿ, ವಿಮರ್ಶೆ, ಸಿಟ್ಟು, ಗೇಲಿ ಎಲ್ಲ ಬೇಲಿಯ ಹೊರಗೆ ನಿಂತು ಆಡುವ ಮಾತು.

ಬೇಲಿಗೂ ಅವಧಿ ಉಂಟು. ಅಮೆರಿಕದಲ್ಲಿ ಹೋಮ್ಸ್, ಮೊದಲ ಸೂಪರ್‌ಮ್ಯಾನ್ ಕಾಲದ ಪ್ರಕಟಣೆಗಳಿಗೆ 95 ವರ್ಷದ ರಕ್ಷಣೆ. ಶೆರ್ಲಾಕ್ ಹೋಮ್ಸ್ ಅಲ್ಲಿ 2023ರ ಜನವರಿ 1ಕ್ಕೆ ಪೂರ್ತಿ ಬಿಡುಗಡೆಯಾದ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನನ್ನು ಕೇವಲ 130 ಡಾಲರ್‌ಗೆ ಮಾರಿದ್ದರು. ಆ ಮೊದಲ ಸೂಪರ್‌ಮ್ಯಾನ್ 2034ರಲ್ಲಿ ಅಲ್ಲಿ ಗೋಮಾಳಕ್ಕೆ ಬರುತ್ತಾನೆ. ಆಮೇಲೆ ಅವನಿಗೂ ಒಬ್ಬ ಪಂಪ ಸಿಗಬಹುದು.

ಅಭಿಮಾನಿಗಳ ಮಾತು ನಡೆಯುತ್ತದಾ?

ಕೆಲವೊಮ್ಮೆ ನಡೆದಿದೆ. 'ಸ್ಟಾರ್ ಟ್ರೆಕ್' ಧಾರಾವಾಹಿ ಎರಡೇ ಸೀಸನ್‌ಗೆ ನಿಲ್ಲುವ ಹಾಗಿತ್ತು. ಅಭಿಮಾನಿಗಳು ಪತ್ರದ ಮೇಲೆ ಪತ್ರ ಬರೆದರು. 1968ರ ಮಾರ್ಚ್‌ನಲ್ಲಿ ಟಿವಿಯಲ್ಲೇ ಪ್ರಕಟಣೆ ಬಂತು: ಕಾರ್ಯಕ್ರಮ ಮುಂದುವರಿಯುತ್ತದೆ. ಅದೇ ಅಭಿಮಾನಿಗಳು ಮುಂದೆ ಅಮೆರಿಕದ ಅಧ್ಯಕ್ಷರಿಗೇ ಪತ್ರ ಬರೆದರು. 1976ರಲ್ಲಿ ನಾಸಾದ ಮೊದಲ ಸ್ಪೇಸ್ ಶಟಲ್‌ಗೆ ಧಾರಾವಾಹಿಯ ನೌಕೆಯ ಹೆಸರು ಬಂತು, ಎಂಟರ್‌ಪ್ರೈಸ್. 2019ರಲ್ಲಿ 'ಸಾನಿಕ್' ಸಿನಿಮಾದ ಟ್ರೇಲರ್‌ನಲ್ಲಿ ನೀಲಿ ಮುಳ್ಳುಹಂದಿಯ ಹಲ್ಲು ನೋಡಿ ಜನ ಹೌಹಾರಿದರು. ಸಿನಿಮಾ ಮುಂದಕ್ಕೆ ಹಾಕಿ ಇಡೀ ಪಾತ್ರವನ್ನೇ ಮತ್ತೆ ಚಿತ್ರಿಸಿದರು.

ನಡೆಯದೇ ಹೋದದ್ದೂ ಉಂಟು. 'ಗೇಮ್ ಆಫ್ ಥ್ರೋನ್ಸ್' ಸರಣಿಯ ಮೂಲ ಕಾದಂಬರಿಗಳೇ ಪೂರ್ತಿಯಾಗಿರಲಿಲ್ಲ. ಐದನೆಯದು 2011ರಲ್ಲಿ ಬಂತು, ಅದೇ ವರ್ಷ ಸರಣಿ ಶುರುವಾಯಿತು. ಟಿವಿ ಓಡಿತು, ಪುಸ್ತಕ ಹಿಂದೆ ಉಳಿಯಿತು. 2019ರ ಕೊನೆಯ ಸೀಸನ್ ಮತ್ತೆ ತೆಗೆಯಿರಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಯಾರೂ ತೆಗೆಯಲಿಲ್ಲ. ಪಾತ್ರದ ಹಲ್ಲು ತಿದ್ದುವುದು ಒಂದು, ಆರು ಸಂಚಿಕೆಗಳ ಅಂತ್ಯ ತಿದ್ದುವುದು ಇನ್ನೊಂದು.

ಸ್ಪಾಯ್ಲರ್ ಹೇಳಿದರೆ ಯಾಕೆ ಹೊಡೆಯಲು ಬರುತ್ತಾರೆ?

ಸ್ಪಾಯ್ಲರ್ ಅಂದರೆ ನೋಡದವರಿಗೆ ಮುಂಚೆಯೇ ಗುಟ್ಟು ಹೇಳುವುದು. ನಮ್ಮ ಹಿರಿಯರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಚಕ್ರವ್ಯೂಹದಲ್ಲಿ ಅಭಿಮನ್ಯು ಸಾಯುತ್ತಾನೆ ಎಂದು ಬಯಲಾಟಕ್ಕೆ ಬಂದ ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕೂತು ಅಳುತ್ತಾರೆ. ಅಲ್ಲಿ ಏನಾಗುತ್ತದೆ ಎನ್ನುವುದಕ್ಕಿಂತ ಹೇಗೆ ಆಡಿ ತೋರಿಸುತ್ತಾರೆ ಎಂಬುದೇ ಮುಖ್ಯ. ಸಿನಿಮಾ ಸರಣಿಯಲ್ಲಿ ಅಭಿಮಾನಿ ವರ್ಷಗಟ್ಟಲೆ ಥಿಯರಿ ಕಟ್ಟಿ ಕೂತಿರುತ್ತಾನೆ. ನೀವು ಕೊನೆ ಹೇಳಿಬಿಟ್ಟರೆ ಅವನು ಬರೆದ ಪರೀಕ್ಷೆಯ ಫಲಿತಾಂಶವನ್ನು ಬೇರೆಯವರು ಓದಿದ ಹಾಗೆ. ಮನೆಯಲ್ಲಿ ಮಕ್ಕಳಿದ್ದರೆ ಸಿನಿಮಾ ಬಂದ ಮೊದಲ ವಾರ ಬಾಯಿ ಬಿಗಿ ಹಿಡಿಯುವುದೇ ಕ್ಷೇಮ.

ಎಲ್ಲಿಂದ ನೋಡಬೇಕು?

ಮಗನೋ ಮೊಮ್ಮಗಳೋ 'ಡೂಮ್ಸ್‌ಡೇ' ನೋಡಲು ನಿಮ್ಮನ್ನು ಎಳೆದುಕೊಂಡು ಹೋದರೆ ಎಲ್ಲವನ್ನೂ ನೋಡಿ ಹೋಗಬೇಕಿಲ್ಲ. ಅಭಿಮಾನಿಗಳಲ್ಲಿ ಎರಡು ಪಂಗಡ. ಕಥೆ ನಡೆದ ಕಾಲದ ಕ್ರಮದಲ್ಲಿ ನೋಡಬೇಕು ಎನ್ನುವವರು ಕೆಲವರು. ಬಿಡುಗಡೆಯಾದ ಕ್ರಮದಲ್ಲಿ ನೋಡಬೇಕು ಎನ್ನುವವರು ಕೆಲವರು. ಹೊಸಬರಿಗೆ ಎರಡನೆಯದೇ ಸುಲಭ. ಯಾಕಂದರೆ ಹೇಳಿದವರು ಗುಟ್ಟುಗಳನ್ನು ಆ ಕ್ರಮದಲ್ಲೇ ಬಿಚ್ಚಿದ್ದಾರೆ. 2008ರ 'ಐರನ್ ಮ್ಯಾನ್', 2012ರ 'ಅವೆಂಜರ್ಸ್', 2018ರ 'ಇನ್ಫಿನಿಟಿ ವಾರ್', 2019ರ 'ಎಂಡ್‌ಗೇಮ್', ಆಮೇಲೆ ಆ ಮೂವರು ಸ್ಪೈಡರ್‌ಮ್ಯಾನ್ ಇರುವ ಸಿನಿಮಾ. ಐದೇ ಸಾಕು. 'ಎಂಡ್‌ಗೇಮ್' ಮೂರು ಗಂಟೆಯದು. ಗಿರ್ಮಿಟ್ ಕಟ್ಟಿಸಿಕೊಂಡು ಕೂತ್ಕೊಳ್ಳಿ.

ಆ ದಿನ ಜುಬಿಲಿ ಸರ್ಕಲ್ ಬರುವ ಹೊತ್ತಿಗೆ ಕಾಕಾ ಹುಡುಗರ ಕಡೆ ಮತ್ತೆ ತಿರುಗಿದ್ದರು. "ಅಂದ್ರ ಸತ್ತಾಂವ ಸತ್ತಾನ. ವೇಷಾ ಹಾಕ್ಕೊಂಡಾಂವ ಬಂದಾನ. ಹೌದಿಲ್ಲೋ?" ಎಂದರು. ಒಬ್ಬ ಹೌದು ಎಂದ. ಇನ್ನೊಬ್ಬ, "ಅದನ್ನ ಈಗ್ಲೇ ಹೇಳಾಕ ಬರೂದಿಲ್ರೀ ಕಾಕಾ" ಎಂದು ಮತ್ತೆ ಶುರುಮಾಡಿದ.